ಕೊಟ್ಟಿಗೆಯಲ್ಲಿ ಕಾರು ಕಟ್ಟಿದವರು

ಮನೆ ಬಾಡಿಗೆಗೆ ಕೇಳಲು ಬರುವವರು ಮೊದಲು ನೀರಿನ ವಿಷಯ ಎತ್ತುತ್ತಾರೆ. ಬೋರ್‌ವೆಲ್ಲಾ, ಕಾವೇರಿಯಾ, ಸಂಪು ಎಷ್ಟು ದೊಡ್ಡದು. ಇವರು ಮಾತ್ರ ಬಂದವರೇ ಅಂಗಳದ ಆ ತುದಿ ನೋಡಿ, “ಅಮ್ಮ, ಆ ಕೊಟ್ಟಿಗೆ ಬಾಗ್ಲು ಎಷ್ಟಗಲ ಇದೆ?” ಎಂದು ಕೇಳಿದರು.

ಹಸು ಕಟ್ಟುವವರಿರಬೇಕು ಎಂದುಕೊಂಡೆ. ಆದರೆ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು, ಕಿಸೆಯಲ್ಲಿ ಪೆನ್ನು ಸಿಕ್ಕಿಸಿಕೊಂಡು ಸಗಣಿ ಬಾಚುವವರನ್ನು ನಾನು ಕಂಡಿರಲಿಲ್ಲ. “ಹಸು ಎಲ್ಲಾ ಮಾರಿದ್ದಾಯ್ತು. ಖಾಲಿ ಬಿದ್ದಿದೆ. ನಿಮಗ್ಯಾಕೆ?” ಎಂದೆ.

“ನಮ್ಮದೊಂದು ಕಾರಿದೆ. ವಯಸ್ಸಾಗಿದೆ. ಬಿಸಿಲಲ್ಲಿ ನಿಲ್ಸಕ್ಕಾಗಲ್ಲ,” ಎಂದರು, ಮನೆಯಲ್ಲಿರುವ ಅತ್ತೆಯ ವಿಷಯ ಹೇಳುವವರ ಹಾಗೆ.

ಹಿಂದೆ ನಿಂತಿದ್ದ ಅವರ ಹೆಂಡತಿ ನೀರಿನ ವಿಷಯ ಕೇಳಿದರು. ಮನೆಯಲ್ಲಿ ಒಬ್ಬರಿಗಾದರೂ ಬುದ್ಧಿ ನೆಟ್ಟಗಿದೆಯಲ್ಲ ಎಂದು ಬೀಗದ ಕೈ ಕೊಟ್ಟೆ.

ನಮ್ಮದು ಕಲ್ಯಾಣ ನಗರ ಎಂಬ ಹೆಸರು ಹುಟ್ಟುವ ಮೊದಲಿನ ಊರು. ರಾಗಿ, ದ್ರಾಕ್ಷಿ ಬೆಳೆದ ನೆಲ ಸೈಟುಗಳಾಗಿ ಹೋಯಿತು. ಉಳಿದ ಜಾಗದಲ್ಲಿ ನನ್ನ ಗಂಡ ಬಾಡಿಗೆ ಮನೆಗಳನ್ನು ಕಟ್ಟಿಸಿ ತೀರಿಕೊಂಡರು. ಅಂದಿನಿಂದ ಬಾಡಿಗೆಯವರು ಬರುತ್ತಾರೆ, ಹೋಗುತ್ತಾರೆ. ಎಲ್ಲರ ಬಗ್ಗೆ ಬರೆಯುತ್ತಾ ಕೂತರೆ ನನ್ನ ಆಯಸ್ಸು ಸಾಲದು. ಇವರ ಬಗ್ಗೆ ಬರೆಯುತ್ತಿರುವುದು ಅವರು ಸತ್ತರು ಎಂಬ ಕಾರಣಕ್ಕಲ್ಲ, ಸಾಯದವರು ಯಾರು. ಅವರು ಹೋದ ಮೇಲೆ, ಕೊಟ್ಟಿಗೆ ಕೆಡವುವುದರೊಳಗೆ ಆ ಕಾರು ಯಾರ ಕೈ ಸೇರಬೇಕು ಎಂಬ ಪ್ರಶ್ನೆಯೊಂದು ಎದ್ದಿತು. ಗುಜರಿಗೋ, ರಸ್ತೆಗೋ. ಅದು ಆದ ರೀತಿ ಹೇಳಬೇಕಾದರೆ ಅವರು ಎಂಥವರು ಎಂದು ಹೇಳದೆ ಆಗುವುದಿಲ್ಲ. ನಾನು ಮೂರನೇ ಕ್ಲಾಸು ಓದಿದವಳು. ಅಕ್ಷರ ತಪ್ಪಿದ್ದನ್ನು ಮೊಮ್ಮಗಳು ತಿದ್ದಿದ್ದಾಳೆ, ಮಾತು ತಿದ್ದಬೇಡ ಎಂದು ಹೇಳಿದ್ದೇನೆ.

ಅವರ ಹೆಸರು ಇಲ್ಲಿ ಬೇಡ. ಇದ್ದಾಗಲೂ ನಾನು ಹೆಸರು ಹಿಡಿದು ಕರೆದದ್ದಿಲ್ಲ. ಶಿವಾಜಿನಗರದಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದರು. ಹಾಗಾಗಿ ನಮ್ಮ ಬೀದಿಗೆಲ್ಲ ಅವರು ‘ಕನ್ನಡಕದವರು’. ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ಉರ್ದು, ನಮ್ಮ ಹತ್ತಿರ ಕನ್ನಡ. ಕಾರಿನ ಹತ್ತಿರ ಯಾವ ಭಾಷೆಯೋ ಗೊತ್ತಿಲ್ಲ, ಆದರೆ ಮಾತಾಡುತ್ತಿದ್ದುದನ್ನು ಕೇಳಿದ್ದೇನೆ.

ಅವರಿಗೊಂದು ಕೆಟ್ಟ ಅಭ್ಯಾಸ. ಎದುರಿಗಿರುವವರ ಕನ್ನಡಕ ಮಸುಕಾಗಿದ್ದರೆ ಅವರಿಗೆ ಮಾತು ಹೊರಡುತ್ತಿರಲಿಲ್ಲ. ಕೈ ನೀಡಿ ಮೂಗಿನ ಮೇಲಿಂದಲೇ ತೆಗೆದು, ಅಂಗಿಯ ಒಳಗಡೆ ಚುಂಗಿನಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಮೂಗಿನ ಮೇಲೆ ಇಟ್ಟು, “ಹಾಂ, ಈಗ ಹೇಳಿ,” ಎನ್ನುತ್ತಿದ್ದರು. ನನ್ನ ಮಗ ಒಮ್ಮೆ ಬಾಡಿಗೆ ಜಾಸ್ತಿ ಮಾಡುವ ಮಾತಾಡಲು ಹೋದವನು ಕನ್ನಡಕ ಒರೆಸಿಸಿಕೊಂಡು ವಾಪಸು ಬಂದ. “ಕಣ್ಣೇ ಕಾಣ್ದೆ ನಿಂತಿರುವಾಗ ಏನು ಕೇಳೋದಮ್ಮ?” ಎಂದ.

ನನ್ನ ಕಣ್ಣು ನೋಡಿದ್ದೂ ಅವರೇ. ಅಂಗಡಿಗೆ ಹೋದೆ. ಗೋಡೆಯ ಮೇಲಿನ ಅಕ್ಷರದ ಬೋರ್ಡಿನ ಕಡೆ ನನ್ನನ್ನು ತಿರುಗಿಸಲಿಲ್ಲ.

“ಕನ್ನಡಕ ಹಾಕ್ಕೊಂಡು ಏನು ಮಾಡ್ತೀರಮ್ಮ?”

“ಅಕ್ಕಿ ಆರಿಸ್ತೀನಿ. ಬಾಡಿಗೆಯವರ ಮುಖ ನೋಡ್ತೀನಿ.”

ಪಕ್ಕದ ದಿನಸಿ ಅಂಗಡಿಯಿಂದ ಒಂದು ಹಿಡಿ ಅಕ್ಕಿ ತರಿಸಿ ತಟ್ಟೆಯಲ್ಲಿ ಹರಡಿ ನನ್ನ ಮುಂದಿಟ್ಟರು. ಕಲ್ಲು ಕಾಣುವವರೆಗೂ ಗಾಜು ಬದಲಾಯಿಸಿದರು. ಆ ಕನ್ನಡಕದಲ್ಲಿ ಬಸ್ಸಿನ ಬೋರ್ಡು ಇವತ್ತಿಗೂ ಕಾಣುವುದಿಲ್ಲ, ಅಕ್ಕಿಯಲ್ಲಿ ಮಾತ್ರ ಒಂದು ಕಲ್ಲೂ ತಪ್ಪಿಸಿಕೊಳ್ಳುವುದಿಲ್ಲ.

ಕಾರಿನ ವಿಷಯಕ್ಕೆ ಬರುತ್ತೇನೆ. ಅದು ಯಾವ ಕಂಪನಿಯದೋ ನನಗೆ ತಿಳಿಯದು. ವಿಲಾಯಿತಿಯದು, ಕಪ್ಪು ಬಣ್ಣ. ಎಂಜಿನ್ನಿನ ಮುಚ್ಚಳ ಎರಡೂ ಪಕ್ಕಕ್ಕೆ ತೆರೆದುಕೊಳ್ಳುತ್ತಿತ್ತು, ಕೋಳಿ ರೆಕ್ಕೆ ಎತ್ತಿದ ಹಾಗೆ. ಭಾನುವಾರ ಬೆಳಿಗ್ಗೆ ಅದನ್ನು ಹೊರಗೆ ತೆಗೆಯುತ್ತಿದ್ದರು. ಆ ಹೊತ್ತಿಗೆ ಅವರ ಸ್ನೇಹಿತರು ಬರುತ್ತಿದ್ದರು. ಹಲಸೂರಿನವರು, ಇಂದಿರಾನಗರದವರು, ಕೆ.ಆರ್.ಪುರದವರು. ಎಲ್ಲರದೂ ಹಳೇ ಗಾಡಿ, ಎಲ್ಲರ ಕೈಯಲ್ಲೂ ಕರಿ ಎಣ್ಣೆ. ಒಂದೊಂದು ಮೋಟರ್‌ಸೈಕಲ್ಲು ಬರುವಾಗ ನಮ್ಮ ಬೀದಿ ನಾಯಿಗಳು ಚರಂಡಿಗೆ ಇಳಿಯುತ್ತಿದ್ದವು. ನಾನು ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿರುತ್ತಿದ್ದೆ, ಅವರ ಮಾತು ಕಿವಿಗೆ ಬೀಳುತ್ತಿತ್ತು.

“ಯಾರಿಗೂ ಹೇಳಿಲ್ಲ ತಾನೆ?”

“ಇಲ್ಲ ಗುರು, ನಿಮಗೇ ಮೊದ್ಲು.”

“ಮನೇಲಿ ಒಪ್ಪಿದಾರಾ?”

“ಅಪ್ಪ ಒಪ್ಪಿದಾರೆ. ತಾಯಿ ಕಣ್ಣೀರು ಹಾಕ್ತಾರಂತೆ.”

“ಹಂಗಾದ್ರೆ ಈಗ್ಲೇ ಬೇಡ, ಆಯಮ್ಮ ಸಮಾಧಾನ ಆಗ್ಲಿ. ಮೊದ್ಲು ಅನ್ವರ್ ನೋಡ್ಕೊಂಡು ಬರ್ಲಿ. ಅವನು ಬೇಡ ಅಂದ್ರೆ ನೀನು ಹೋಗು.”

ನಾನು ತಡೆಯಲಾರದೆ, “ಹುಡುಗಿ ಯಾವೂರೋ?” ಎಂದೆ.

ಅನ್ವರ್ ಎಂಬವನದು ಶಿವಾಜಿನಗರದಲ್ಲಿ ಟೈರಿನ ಅಂಗಡಿ. ನಕ್ಕೂ ನಕ್ಕೂ ಕೆಮ್ಮು ಬರಿಸಿಕೊಂಡ. “ಅರೆ ಅಮ್ಮಾ, ಹುಡುಗಿಗೆ ಅರವತ್ತು ವರ್ಷ. ಒಂದು ಕಣ್ಣಿಲ್ಲ. ಹೊಗೆ ಬೇರೆ ಬಿಡ್ತಾಳಂತೆ!”

ಹೆಣ್ಣು ನೋಡುವುದಕ್ಕಿಂತ ಅವರ ಕಟ್ಟಲೆಗಳು ಹೆಚ್ಚಿದ್ದವು. ಎಲ್ಲೋ ಒಂದು ಹಳೇ ಗಾಡಿ ಮಾರಾಟಕ್ಕಿದೆ ಎಂದು ತಿಳಿದರೆ, ತಿಳಿದವನು ಒಬ್ಬನಿಗೆ ಮಾತ್ರ ಹೇಳಬೇಕು. ಕೇಳಿಸಿಕೊಂಡವನು ಮೊದಲು ಹೋಗಬೇಕು. ಬೇಕೋ ಬೇಡವೋ ಬೇಗ ಹೇಳಿಬಿಡಬೇಕು, ಮುಂದಿನವನನ್ನು ಕಾಯಿಸಬಾರದು. ಬೆಲೆ ಇಳಿಸುವ ಆಸೆಗೆ ಗಾಡಿಯವರ ಎದುರು ಗಾಡಿಗೆ ಹೆಸರಿಡಬಾರದು. ಆ ಮನೆಯ ಹೆಂಗಸರನ್ನು ಕೇಳದೆ ಗಂಡಸರಿಂದ ಬೀಗದ ಕೈ ಇಸಿದುಕೊಳ್ಳಬಾರದು. ಸಾವಾದ ಮನೆಯಲ್ಲಿ ಗಾಡಿಯ ಮಾತೇ ಎತ್ತಬಾರದು, ಅವರಾಗಿ ಬಾಯಿ ಬಿಡಬೇಕು. ಸುದ್ದಿ ಕೊಟ್ಟವನಿಗೆ ಕಮಿಷನ್ನು ಗಿಮಿಷನ್ನು ಇಲ್ಲ, ಗಾಡಿ ರಿಪೇರಿಯಾದ ದಿನ ಅವನನ್ನು ಒಂದು ಸುತ್ತು ಕೂರಿಸಿಕೊಂಡು ಹೋದರೆ ಆಯಿತು. ಇದನ್ನೆಲ್ಲ ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಕನ್ನಡಕದವರು ಹಾಗೆ ನಡೆದುಕೊಳ್ಳುತ್ತಿದ್ದರು, ಅವರನ್ನು ನೋಡಿ ಉಳಿದವರು. ಮೊಬೈಲು ಬಂದ ಮೇಲೂ ಅವರು ಗಾಡಿಯ ಸುದ್ದಿಯನ್ನು ಫೋನಿನಲ್ಲಿ ಹೇಳುತ್ತಿರಲಿಲ್ಲ. “ಫೋನಲ್ಲಿ ಹೇಳಿದ್ದು ಪಕ್ಕದಲ್ಲಿ ಕೂತಿರೋನಿಗೂ ಹೇಳ್ದಂಗೆ,” ಎನ್ನುತ್ತಿದ್ದರು.

ಒಮ್ಮೆ ಕೆ.ಆರ್.ಪುರದಲ್ಲಿ ನಮ್ಮ ನೆಂಟರ ಮದುವೆಗೆ ಹೋಗುವಾಗ ಅವರೂ ಅವರ ಹೆಂಡತಿಯೂ ನನ್ನ ಜೊತೆ ಬಸ್ಸಿನಲ್ಲಿ ಬಂದರು. ಟಿನ್ ಫ್ಯಾಕ್ಟರಿ ಹತ್ತಿರ ಬಂತು. ಎಡಗಡೆ ಕಿಟಕಿಯಲ್ಲಿ ಕೂತಿದ್ದ ಕನ್ನಡಕದವರು ಇದ್ದಕ್ಕಿದ್ದಂತೆ ಕತ್ತನ್ನು ಬಲಗಡೆಗೆ ತಿರುಗಿಸಿ, ಯಾರದೋ ಭುಜ ನೋಡುತ್ತಾ ಕೂತರು. ಬಸ್ಸು ಆ ಜಾಗ ದಾಟಿದ ಮೇಲೆ ಕತ್ತು ಮೊದಲಿನ ಹಾಗಾಯಿತು.

“ಕತ್ತು ಉಳುಕ್ತಾ?” ಎಂದೆ.

ಹೆಂಡತಿ ಬಾಯಿಗೆ ಸೆರಗು ಹಿಡಿದು ನಕ್ಕರು. “ಅಲ್ಲೊಂದು ಮನೆ ಹಿಂದೆ ಕಾರಿದೆಯಂತಮ್ಮ. ವರ್ಷಗಳ ಹಿಂದೆ ಇವರು ಹೋಗಿ ಕೇಳಿದ್ರು. ಆ ಮನೆ ಅಜ್ಜಿ ಕೊಡಲ್ಲ ಅಂದ್ರು.”

“ಕೊಡಲ್ಲ ಅಂದ್ರೆ ಮುಗೀತಲ್ಲ. ಕತ್ತು ಯಾಕೆ ತಿರುಗಿಸ್ಬೇಕು?”

ಅವರು ಬಹಳ ಮೆತ್ತಗೆ ಹೇಳಿದರು: “ನಾನು ಆ ಕಡೆ ನೋಡಿದ್ರೆ, ನನ್ನನ್ನ ಬಲ್ಲೋರು ಯಾರಾದ್ರೂ ಬಸ್ಸಲ್ಲಿದ್ರೆ ಅವರೂ ನೋಡ್ತಾರಮ್ಮ. ಆಮೇಲೆ ಆ ಅಜ್ಜಿಗೆ ನೆಮ್ಮದಿ ಇರಲ್ಲ.”

ಇಂಥ ಹುಚ್ಚನ್ನು ನಾನು ಕಂಡಿರಲಿಲ್ಲ. ಹಾಗಂತ ಹೇಳಿದೆ ಕೂಡ. ಅವರು ಬೇಜಾರು ಮಾಡಿಕೊಳ್ಳಲಿಲ್ಲ.

ಅವರನ್ನು ದೇವರು ಮಾಡಿ ಕೂರಿಸುವ ಉದ್ದೇಶ ನನಗಿಲ್ಲ. ಹೆಂಡತಿಗೆ ಸೀರೆ ತರುತ್ತೇನೆಂದು ಹೋಗಿ ಹಾರ್ನು ತಂದವರು. ನಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಗೇರಿನ ಚಕ್ರಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ನನ್ನ ಮಗನ ಬಿಳಿ ಪಂಚೆಗಳನ್ನೆಲ್ಲ ಹಾಳು ಮಾಡಿದವರು. ಮತ್ತೆ, ಮನಸ್ಸು ಮುರಿದರೆ ಜೋಡಿಸುವುದು ಅವರಿಗೆ ಬರುತ್ತಿರಲಿಲ್ಲ. ರಮೇಶನ ವಿಷಯದಲ್ಲಿ ಅದನ್ನು ನೋಡಿದೆ.

ರಮೇಶ ಇಂದಿರಾನಗರದವನು, ಕೇಬಲ್ ಟೀವಿಯ ವ್ಯಾಪಾರ. ಆ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವನು, ಎಲ್ಲರಿಗಿಂತ ಆತುರಗಾರ. ರಿಚರ್ಡ್ಸ್ ಟೌನಿನ ಒಂದು ಬಂಗಲೆಯಲ್ಲಿ ವಯಸ್ಸಾದ ಒಬ್ಬ ಹೆಂಗಸು ತನ್ನ ಅಣ್ಣನ ಮೋಟರ್‌ಸೈಕಲ್ ಮಾರಬೇಕೆಂದಿದ್ದಾರೆ ಎಂದು ಕನ್ನಡಕದವರಿಗೆ ಗೊತ್ತಾಯಿತು. ಅವರ ಕಣ್ಣು ಇವರೇ ನೋಡುತ್ತಿದ್ದುದು. ಆ ಸುದ್ದಿಯನ್ನು ಅನ್ವರ್‌ಗೆ ಹೇಳಿದರು. ಅಂಥ ಗಾಡಿಗಾಗಿ ಅನ್ವರ್ ಬಹಳ ವರ್ಷದಿಂದ ಹುಡುಕುತ್ತಿದ್ದ. ಆ ವಾರ ಅವನ ತಾಯಿ ಆಸ್ಪತ್ರೆಯಲ್ಲಿದ್ದರು. “ಅಮ್ಮೀನ ಮನೆಗೆ ಕರ್ಕೊಂಡು ಬಂದು ಹೋಗ್ತೀನಿ ಭಾಯ್,” ಎಂದ. ಪಕ್ಕದಲ್ಲಿ ನಟ್ಟು ಬಿಗಿಯುತ್ತಿದ್ದ ರಮೇಶನ ಕಿವಿಗೂ ಅದು ಬಿತ್ತು.

ಅನ್ವರ್ ಹೋಗುವುದರೊಳಗೆ ರಮೇಶ ಹೋಗಿದ್ದ. ಹೋಗಿದ್ದಲ್ಲದೆ, “ಕನ್ನಡಕದ ಅಂಗಡಿಯವರು ಕಳಿಸಿದ್ರು,” ಎಂದು ಹೇಳಿದ್ದ. ಆ ಹೆಸರು ಕೇಳಿ ಆಯಮ್ಮ ಎರಡು ಮಾತಾಡದೆ ಗಾಡಿ ಕೊಟ್ಟಿದ್ದರು. ಆಮೇಲೆ ಅನ್ವರ್ ಹೋಗಿ ಗೇಟು ತಟ್ಟಿದರೆ, “ನಿಮ್ಮವರೇ ಬಂದು ತಗೊಂಡು ಹೋದರಲ್ಲ?” ಎಂದರಂತೆ.

ಮುಂದಿನ ಭಾನುವಾರ ರಮೇಶ ಅದೇ ಗಾಡಿಯಲ್ಲಿ ಬಂದ! ಏನೂ ಆಗುವುದಿಲ್ಲ ಎಂದುಕೊಂಡಿದ್ದನೋ, ಒಂದು ಸಲ ಬೈದು ಬಿಡುತ್ತಾರೆ ಎಂದುಕೊಂಡಿದ್ದನೋ. ಕನ್ನಡಕದವರು ಗಾಡಿಯ ಸುತ್ತ ಒಂದು ಸುತ್ತು ಬಂದರು. “ಚೆನ್ನಾಗಿದೆ,” ಎಂದರು. ಒಳಗೆ ಹೋಗಿ ಕಾಫಿ ತಂದು ಅವನ ಕೈಗೂ ಒಂದು ಲೋಟ ಕೊಟ್ಟರು.

ಅಷ್ಟೇ. ಅಲ್ಲಿಂದ ಮುಂದೆ ರಮೇಶ ಬಂದು ಕೂತರೆ ಮಳೆ, ಕಾಂಗ್ರೆಸ್ಸು, ಕ್ರಿಕೆಟ್ಟು. ಗಾಡಿಯ ಮಾತಿಲ್ಲ. ಯಾವ ಊರಿನ ಯಾವ ಗಾಡಿಯ ಸುದ್ದಿಯೂ ಅವನ ಕಿವಿಗೆ ಬೀಳುತ್ತಿರಲಿಲ್ಲ. ಅನ್ವರ್ ಅಂತೂ ಅವನಿರುವ ಕಡೆ ಬಾಯಿಯನ್ನೇ ತೆರೆಯುತ್ತಿರಲಿಲ್ಲ. ಕೆಲವು ವಾರ ನೋಡಿ ರಮೇಶ ಬರುವುದನ್ನು ಬಿಟ್ಟ.

ನನಗೆ ಇಂಥ ಶಿಕ್ಷೆ ಹಿಡಿಸುವುದಿಲ್ಲ. ನಮ್ಮಲ್ಲಿ ಬೈಯ್ಯಬೇಕಾದ್ದನ್ನು ಬೈದು, ಸಾಯಂಕಾಲ ಸಾರು ಕೊಟ್ಟು ಕಳಿಸುತ್ತೇವೆ. “ಮುಖಕ್ಕೆ ಉಗಿದು ಮುಗಿಸ್ಬಾರ್ದಾ? ಒಂದು ಕಬ್ಬಿಣದ ತುಂಡಿಗೆ ಇಷ್ಟು ಹಗೆಯಾ?” ಎಂದು ಕೇಳಿಯೇ ಬಿಟ್ಟೆ.

“ಹಗೆ ಅಲ್ಲಮ್ಮ,” ಎಂದರು. “ಈ ಗಾಡಿಗಳೆಲ್ಲಾ ಇರೋದು ಮುದುಕರ ಮನೇಲಿ. ಒಬ್ಬ ಬಂದು ಕೇಳಿದ್ರೆ ನಮ್ಮ ಗಾಡಿ ಮೇಲೆ ಆಸೆ ಪಟ್ಟ ಅಂತ ಖುಷಿ ಪಡ್ತಾರೆ. ಅವನ ಹಿಂದೇನೇ ಇನ್ನೊಬ್ಬ ಬಂದ್ರೆ, ನಾವು ಯಾವಾಗ ಸಾಯ್ತೀವಿ ಅಂತ ಎಲ್ರೂ ಕಾಯ್ತಿದಾರೆ ಅನ್ಸುತ್ತೆ. ಹೆಣದ ಸುತ್ತ ಕಾಗೆ ಕೂತಂಗೆ. ಆ ಅಮ್ಮನಿಗೆ ಆ ಥರ ಅನ್ನಿಸ್ಬಿಡ್ತು, ನನ್ನ ಹೆಸರಲ್ಲಿ.”

ನಾನು ಮುದುಕಿಯಾದ್ದರಿಂದ ಆ ಮಾತು ಸರಿ ಎನ್ನಿಸಿತು. ಆದರೂ ರಮೇಶನನ್ನು ಆ ರೀತಿ ಕಿವುಡನನ್ನಾಗಿ ಮಾಡಿದ್ದು ಸರಿ ಎಂದು ಇವತ್ತಿಗೂ ನಾನು ಒಪ್ಪುವುದಿಲ್ಲ.

ಅದಾಗಿ ವರ್ಷಗಳೇ ಕಳೆದವು. ಒಂದು ದಿನ ಕನ್ನಡಕದವರು ಅಂಗಡಿಯಲ್ಲಿ ಯಾರದೋ ಕಣ್ಣು ನೋಡುತ್ತಿದ್ದಾಗಲೇ ಎದೆ ಹಿಡಿದುಕೊಂಡು ಕೂತರಂತೆ. ಮತ್ತೆ ಏಳಲಿಲ್ಲ. ಒಳ್ಳೇ ಸಾವು, ಯಾರಿಗೂ ತೊಂದರೆ ಕೊಡಲಿಲ್ಲ. ನಾನು ಅಳಲಿಲ್ಲ, ಅವರ ಹೆಂಡತಿಗೆ ಮೂರು ಹೊತ್ತು ಅನ್ನ ಬೇಯಿಸಿ ಕಳಿಸಿದೆ. ಅಳುವುದಕ್ಕೆ ಬೇರೆಯವರಿದ್ದರು.

ಭಾನುವಾರದ ಸ್ನೇಹಿತರು ಗುಂಪಾಗಿ ಬಂದರು. ಹೆಲ್ಮೆಟ್ಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಅಂಗಳದಲ್ಲಿ ಕೂತರು. ನಾನು ಹಾಕಿಸಿದ್ದ ಕುರ್ಚಿಗಳು ಕೊಟ್ಟಿಗೆಯ ಕಡೆ ಮುಖ ಮಾಡಿದ್ದವು. ಬಂದವರು ಬಂದವರೇ ಕುರ್ಚಿ ತಿರುಗಿಸಿ, ಕೊಟ್ಟಿಗೆಗೆ ಬೆನ್ನು ಹಾಕಿ ಕೂತರು. ಅಷ್ಟು ವರ್ಷ ಆ ಕಾರಿನ ಸುತ್ತ ನೊಣದ ಹಾಗೆ ಸುತ್ತಿದವರು ಒಂದು ಸಲವೂ ಆ ಕಡೆ ಕಣ್ಣು ಹಾಯಿಸಲಿಲ್ಲ. ಎಂಥ ಜನ, ಮನುಷ್ಯ ಹೋದ ಮೇಲೆ ಗಾಡಿಯೂ ಬೇಡವಾಯಿತೇ ಎಂದು ನನಗೆ ಸಿಟ್ಟು ಬಂತು. ಆಮೇಲೆ ಅವರು ಭಾನುವಾರ ನಮ್ಮಲ್ಲಿಗೆ ಬರುವುದೂ ನಿಂತಿತು. ಹಲಸೂರಿನ ಕೆರೆ ಹತ್ತಿರ ಒಂದು ಟೀ ಅಂಗಡಿಯ ಮುಂದೆ ಸೇರುತ್ತಾರೆ ಎಂದು ಸುದ್ದಿ ಬಂತು.

ಕನ್ನಡಕದವರ ಹೆಂಡತಿ ಹಲಸೂರಿನಲ್ಲಿ ತಂಗಿಯ ಮನೆಗೆ ಹೋಗುವುದು ಎಂದಾಯಿತು. ಅಲ್ಲಿ ಸೈಕಲ್ಲು ನಿಲ್ಲಿಸಲೂ ಜಾಗವಿಲ್ಲ. ಇಲ್ಲಿ ನನ್ನ ಮಗ, ಯುಗಾದಿ ಕಳೆದ ಮೇಲೆ ಕೊಟ್ಟಿಗೆ ಕೆಡವಿ ಅಂಗಡಿ ಮಳಿಗೆ ಕಟ್ಟುವುದೆಂದು ಮೇಸ್ತ್ರಿಗೆ ಹೇಳಿಬಿಟ್ಟಿದ್ದ. ಅವನು ಕೆಟ್ಟವನಲ್ಲ, ಆಯಮ್ಮನಿಗೆ ಮೂರು ತಿಂಗಳು ಮೊದಲೇ ತಿಳಿಸಿದ್ದ. ಅಷ್ಟರಲ್ಲಿ ಗುಜರಿಯವನೊಬ್ಬ ವಾಸನೆ ಹಿಡಿದು ಬಂದ. ಕಾರಿನ ಮೈಯನ್ನು ಕಲ್ಲಂಗಡಿ ಹಣ್ಣು ತಟ್ಟುವ ಹಾಗೆ ಗೆಣ್ಣಿನಲ್ಲಿ ತಟ್ಟಿ, “ಎಂಜಿನ್ನು ಬೇರೆ, ತಗಡು ಬೇರೆ ಮಾಡಿ ತಗೊಂಡೋಗ್ತೀನಿ. ಇಲ್ಲೇ ಕಟ್ ಮಾಡ್ತೀವಿ, ನಿಮಗೆ ತೊಂದ್ರೆ ಇಲ್ಲ,” ಎಂದ.

ಆಯಮ್ಮ ಬಾಗಿಲ ಹಿಂದಿನಿಂದ ಕೇಳಿಸಿಕೊಂಡರು. ಅವನು ಹೋದ ಮೇಲೆ ನನ್ನ ಅಡುಗೆಮನೆಗೆ ಬಂದು ಕೂತರು.

“ದುಡ್ಡು ಎಷ್ಟಾದ್ರೂ ಬರ್ಲಿ ಅಮ್ಮ. ಓಡ್ಸೋರ ಕೈಗೆ ಹೋಗ್ಲಿ. ಒಡೆಯೋರ ಕೈಗೆ ಬೇಡ.”

“ಹಂಗಾದ್ರೆ ಆ ಗಂಡಸರಿಗೆ ಹೇಳು.”

“ಅವರಿಗೆ ಬೇಕಿದ್ರೆ ಕೇಳ್ತಿರ್ಲಿಲ್ವಾ? ಒಬ್ರೂ ಬಾಯಿ ಬಿಡ್ಲಿಲ್ಲ. ಈಗ ನಾನಾಗಿ ಹೋಗಿ ಸತ್ತೋರ ಕಾರು ತಗೊಳ್ಳಿ ಅಂದ್ರೆ, ದಾಕ್ಷಿಣ್ಯಕ್ಕೆ ತಗೋತಾರೆ. ದಾಕ್ಷಿಣ್ಯಕ್ಕೆ ತಗೊಂಡ ಗಾಡೀನ ಯಾರಮ್ಮ ಒರೆಸ್ತಾರೆ?”

ನಾನು ಆ ಭಾನುವಾರವೇ ಸೀರೆ ಬದಲಾಯಿಸಿ, ಆಟೋ ಹಿಡಿದು ಹಲಸೂರಿಗೆ ಹೋದೆ. ಟೀ ಅಂಗಡಿಯ ಮುಂದೆ ಗಾಡಿಗಳು ನಿಂತಿದ್ದವು. ಆ ಕಡೆ ಮರದ ಕೆಳಗೆ ಗುಂಪು ನಿಂತಿತ್ತು. ಈ ಕಡೆ ಬೆಂಚಿನ ಮೇಲೆ ಒಬ್ಬನೇ ಕೂತಿದ್ದವನು ಎದ್ದು ಬಂದು, ಆಟೋದಿಂದ ಇಳಿಯಲು ನನಗೆ ಕೈ ಕೊಟ್ಟ. ನೋಡಿದರೆ ರಮೇಶ. ಕೂದಲು ಬೆಳ್ಳಗಾಗಿತ್ತು. ಅವನೂ ಭಾನುವಾರ ಅಲ್ಲಿಗೆ ಬರುತ್ತಾನೆ, ದೂರದಲ್ಲಿ ಕೂತು ಟೀ ಕುಡಿದು ಹೋಗುತ್ತಾನೆ ಎಂದು ನನಗೇನು ಗೊತ್ತು? ಮುಂದೆ ಸಿಕ್ಕವನಿಗೆ ಹೇಳಿದೆ.

“ಕನ್ನಡಕದವರ ಕಾರು ಕೊಡ್ತಾರಪ್ಪ ಆಯಮ್ಮ. ಓಡ್ಸೋರಿಗೆ ಬೇಕಂತೆ. ಬೇಗ ಬಂದು ಕೇಳಿ, ಇಲ್ದಿದ್ರೆ ಗುಜರಿಯವನು ಕೊಯ್ದುಬಿಡ್ತಾನೆ.”

ಅವನು ನನ್ನ ಕೈ ಬಿಡದೆ ಹಾಗೇ ನಿಂತ. “ನನಗಾ ಹೇಳ್ತಿದೀರಾ ಅಮ್ಮ?”

“ಇಲ್ಲಿ ಇನ್ಯಾರಿದಾರೆ?”

ಗುಂಪಿನವರು ನನ್ನನ್ನು ನೋಡಿ ಓಡಿ ಬಂದರು. ಅವರಿಗೂ ಅದೇ ಮಾತು ಹೇಳಿದೆ, ಇನ್ನೂ ಸ್ವಲ್ಪ ಜೋರಾಗಿ. ಸತ್ತವರ ಮನೆ ಕಡೆ ತಲೆ ಹಾಕದಷ್ಟು ಕೊಬ್ಬೇ ಎಂದೂ ಕೇಳಿದೆ.

ಅನ್ವರ್ ಹಣೆ ಚಚ್ಚಿಕೊಂಡ. “ಕೊಬ್ಬಲ್ಲಮ್ಮಾ! ಮನೆಯವ್ರು ಬಾಯಿ ಬಿಡ್ದೆ ನಾವು ಹೆಂಗೆ ಕೇಳೋದು? ಭಾಯೇ ಹೇಳ್ಕೊಟ್ಟಿದ್ದಲ್ವಾ! ಭಾಭಿ ಹೇಳ್ಲಿ, ಹೇಳ್ಲಿ ಅಂತ ಇಷ್ಟು ದಿನದಿಂದ ಕಾಯ್ತಿದೀವಿ.”

“ಬೇಕಿದ್ರೆ ಕೇಳ್ತಾರೆ ಅಂತ ಆಯಮ್ಮ ಅಲ್ಲಿ, ಹೇಳಿದ್ರೆ ಕೇಳೋಣ ಅಂತ ನೀವು ಇಲ್ಲಿ. ಚೆನ್ನಾಗಿದೆ ನಿಮ್ಮ ಮರ್ಯಾದೆ! ಕೊನೆಗೆ ಯಾವ ಮರ್ಯಾದೆಯೂ ಇಲ್ದ ಗುಜರಿಯವನು ಬಂದು ಕೇಳ್ದ.”

ಆಮೇಲೆ ಅನ್ವರ್ ಕೇಳಿದ, “ಅಮ್ಮಾ, ಈ ವಿಷಯ ನೀವು ಮೊದ್ಲು ಯಾರಿಗೆ ಹೇಳಿದ್ರಿ?”

“ಇವನಿಗೆ. ಇಳಿಯೋಕೆ ಕೈ ಕೊಟ್ಟ.”

ಎಲ್ಲರ ಮುಖ ಇಳಿದುಹೋಯಿತು. ಅವರ ಲೆಕ್ಕದಲ್ಲಿ ನಾನು ಎಂಥ ಕೆಲಸ ಮಾಡಿದ್ದೆ ಎಂದು ಆಗ ನನಗೆ ಹೊಳೆಯಿತು. ಆ ಕಾರು ಕೇಳುವ ಮೊದಲ ಹಕ್ಕು, ಆ ಹಕ್ಕಿನ ಕಟ್ಟಲೆ ಮುರಿದವನಿಗೇ ಹೋಗಿತ್ತು. ಗುಂಪಿನಲ್ಲಿ ಒಬ್ಬ, “ಅಮ್ಮನಿಗೆ ಇದೆಲ್ಲಾ ಗೊತ್ತಿಲ್ಲ ಬಿಡ್ರೋ, ಅದನ್ನ ಲೆಕ್ಕಕ್ಕೆ ಇಟ್ಕೋಬೇಡಿ. ಅನ್ವರ್, ನೀನು ಈಗ್ಲೇ ಹೋಗು,” ಎಂದ. ಇನ್ನೊಬ್ಬ, “ಹೌದು, ಇವನಿಗ್ಯಾವ ಸರದಿ?” 

ರಮೇಶ ತಲೆ ತಗ್ಗಿಸಿ ನಿಂತಿದ್ದ. ಜಗಳಕ್ಕೆ ಬರಲಿಲ್ಲ, ಜಾಗ ಬಿಟ್ಟೂ ಹೋಗಲಿಲ್ಲ.

ಅನ್ವರ್ ಟೀ ಲೋಟವನ್ನು ಗೋಡೆಯ ಮೇಲಿಟ್ಟ. ರಮೇಶನ ಮುಖ ನೋಡದೆ, ನನಗೆ ಹೇಳುವವನ ಹಾಗೆ ಹೇಳಿದ: “ಮೊದ್ಲು ಕೇಳಿಸ್ಕೊಂಡೋನು ಮೊದ್ಲು ಹೋಗ್ಲಿ. ನನಗೆ ಆವತ್ತು ಹೆಂಗಾಯ್ತು ಅಂತ ನನಗೊಬ್ಬನಿಗೇ ಗೊತ್ತು. ಅದನ್ನ ನಾನೇ ಇನ್ನೊಬ್ಬನಿಗೆ ಮಾಡಲ್ಲ.” ಬೇವು ಅಗಿದವನ ಮುಖ ಮಾಡಿಕೊಂಡು ಹೇಳಿದ. ಮನಸ್ಸಿದ್ದು ಹೇಳಿದ ಮಾತಲ್ಲ ಅದು. ಆದರೆ ಹೇಳಿದ.

ರಮೇಶ ಆ ಮಧ್ಯಾಹ್ನವೇ ಬಂದ. ಚಪ್ಪಲಿ ಗೇಟಿನ ಹತ್ತಿರ ಬಿಟ್ಟು, ಆಯಮ್ಮನ ಬಾಗಿಲಲ್ಲಿ ನಿಂತು, ಒಳಗೆ ಬನ್ನಿ ಎಂದ ಮೇಲೆ ಹೋದ. ನನ್ನನ್ನೂ ಕರೆದರು. ಕಾರನ್ನು ತೋರಿಸಿದಾಗ ಟಾರ್ಪಾಲು ಎತ್ತಿ ನೋಡಿದ, ಬಂಪರ್ ಮೇಲಿನ ಧೂಳನ್ನು ಕೈಯಿಂದ ಒರೆಸಿದ. ಒಂದು ತಪ್ಪೂ ಎತ್ತಿ ಆಡಲಿಲ್ಲ.

ಆಯಮ್ಮನಿಗೆ ಎಲ್ಲ ನೆನಪಿತ್ತು. ಕೊಡಲ್ಲ ಎಂದರೂ ಯಾಕೆ ಎಂದು ಕೇಳುವವರಿರಲಿಲ್ಲ.

“ನಿಮ್ಮ ಹೆಸರು ಅವರು ಆಮೇಲೆ ಎತ್ತಲೇ ಇಲ್ಲ,” ಎಂದರು. “ಬೈಯ್ಯಲೂ ಇಲ್ಲ.”

“ಗೊತ್ತಕ್ಕ. ಬೈದಿದ್ರೆ ಚೆನ್ನಾಗಿತ್ತು.” ಟಾರ್ಪಾಲಿನ ಹಗ್ಗವನ್ನು ಬೆರಳಿಗೆ ಸುತ್ತುತ್ತಾ ಮುಂದುವರಿಸಿದ: “ನಾನೇ ಹುಡುಕ್ಕೊಂಡು ಒಂದೆರಡು ಗಾಡಿ ತಗೊಂಡೆ. ದುಡ್ಡಿದ್ರೆ ಗಾಡಿ ಸಿಗುತ್ತೆ. ಆದ್ರೆ ಅಲ್ಲೊಂದಿದೆ, ಹೋಗಿ ನೋಡು ಅಂತ ಇಷ್ಟು ವರ್ಷದಲ್ಲಿ ಯಾರೂ ನನಗೆ ಒಂದು ಮಾತು ಹೇಳ್ಲಿಲ್ಲ. ಇವತ್ತು ಅಮ್ಮ ಹೇಳಿದ್ದೇ ಮೊದ್ಲು. ನಿಮಗೆ ನನಗೆ ಕೊಡೋ ಮನಸ್ಸಿಲ್ದಿದ್ರೆ ಈಗ್ಲೇ ಹೇಳ್ಬಿಡಿ ಅಕ್ಕ. ಅನ್ವರ್ ಕಾಯ್ತಿದಾನೆ, ಹೋಗಿ ಹೇಳ್ತೀನಿ.”

ಆಯಮ್ಮ ಕೇಳಿದ್ದು ಒಂದೇ ಮಾತು. “ಓಡಿಸ್ತೀರಾ, ನಿಲ್ಲಿಸ್ಕೋತೀರಾ?”

“ಓಡಿಸ್ತೀನಿ.”

“ಹಂಗಾದ್ರೆ ತಗೊಳ್ಳಿ. ಬೇರೆಯವರನ್ನ ಕಾಯಿಸ್ದೆ, ಸಿಕ್ತು ಅಂತ ಹೋಗಿ ಹೇಳಿ.”

ದುಡ್ಡಿನ ಮಾತು ಬಂದಾಗ ನಾನು ಎದ್ದು ಒಳಗೆ ಹೋದೆ. ಅಷ್ಟು ಕಟ್ಟಲೆ ನಾನೂ ಕಲಿತಿದ್ದೆ.

ಗಂಡ ದೂರ ಇಟ್ಟವನಿಗೆ ಹೆಂಡತಿ ಕಾರು ಕೊಟ್ಟದ್ದು ಸರಿಯೇ ಎಂದು ನಮ್ಮ ಬೀದಿಯಲ್ಲಿ ಮಾತಾಯಿತು. ಬೀದಿಗೆ ಬೇರೆ ಕೆಲಸವಿಲ್ಲ. ನನಗೆ ಕಂಡದ್ದು ಇಷ್ಟು: ಕನ್ನಡಕದವರು ಕಟ್ಟಲೆ ಮಾಡಿದ್ದರು, ಅದನ್ನು ಮುರಿದವನನ್ನು ಮತ್ತೆ ಒಳಗೆ ತರುವ ಬಾಗಿಲು ಇಡಲು ಅವರಿಗೆ ತೋಚಿರಲಿಲ್ಲ. ಬಹಳ ಒಳ್ಳೆಯವರಿಗೆ ಇಂಥದ್ದು ತೋಚುವುದು ಕಷ್ಟ. ತಾವು ತಪ್ಪುವುದಿಲ್ಲವಲ್ಲ, ತಪ್ಪಿದವನ ಗತಿ ಅವರಿಗೆ ಗೊತ್ತಿರುವುದಿಲ್ಲ.

ಯುಗಾದಿಗೆ ಮೊದಲಿನ ಭಾನುವಾರ ಕಾರು ಹೊರಡಿಸಲು ಎಲ್ಲರೂ ಬಂದರು. ಅನ್ವರ್ ಕೂಡ ಬಂದ, ಬಂದು ಸೀಬೆ ಮರಕ್ಕೆ ಒರಗಿ ಕೈಕಟ್ಟಿ ನಿಂತ. ಟೈರಿಗೆ ಗಾಳಿ ತುಂಬಿದರು, ಪೆಟ್ರೋಲು ಹೊಯ್ದರು. ಬ್ಯಾಟರಿ ಸತ್ತಿತ್ತು. ಅಂಥ ಕಾರುಗಳಿಗೆ ಮೂತಿಯ ಕೆಳಗಿನ ತೂತಿನಲ್ಲಿ ಒಂದು ಕಬ್ಬಿಣದ ಹ್ಯಾಂಡಲ್ ತೂರಿಸಿ, ಬಾವಿಯ ರಾಟೆ ತಿರುವಿದ ಹಾಗೆ ತಿರುವಿ ಎಂಜಿನ್ ಎಬ್ಬಿಸಬೇಕಂತೆ. ರಮೇಶ ಹುಟ್ಟಿದಾಗಿನಿಂದ ಮೋಟರ್‌ಸೈಕಲ್ಲಿನವನು. ಎಲ್ಲರೂ ನೋಡುತ್ತಿದ್ದಾರೆಂದು ಅವನ ಕತ್ತು ಬೆವೆತಿತ್ತು. ಹ್ಯಾಂಡಲ್ ತೂರಿಸಿ, ಒನಕೆ ಹಿಡಿದವನ ಹಾಗೆ ಹೆಬ್ಬೆಟ್ಟು ಸುತ್ತಿ ಮುಷ್ಟಿ ಬಿಗಿದು, ಕಾಲು ಅಗಲಿಸಿ ಬಗ್ಗಿದ.

“ಏಯ್.”

ಮರದ ಕೆಳಗಿನಿಂದ ಬಂದ ದನಿ ಅದು. ಅಷ್ಟು ವರ್ಷಗಳಲ್ಲಿ ಅವನ ಕಡೆಗೆ ಆ ಬಾಯಿಂದ ಹೊರಟ ಮೊದಲ ಮಾತು. ರಮೇಶ ಬಗ್ಗಿದಲ್ಲೇ ತಲೆ ಎತ್ತಿದ.

“ಹೆಬ್ಬೆಟ್ಟು ಸುತ್ತಿ ಹಿಡೀಬೇಡ್ವೋ. ಎಂಜಿನ್ ವಾಪಸ್ ಒದ್ರೆ ಹೆಬ್ಬೆಟ್ಟು ಮುರ್ದೋಗುತ್ತೆ. ಎಲ್ಲಾ ಬೆರಳೂ ಒಂದೇ ಕಡೆ ಇರ್ಲಿ.”

ರಮೇಶ ಹೆಬ್ಬೆಟ್ಟು ಬಿಡಿಸಿ, ಉಳಿದ ಬೆರಳುಗಳ ಪಕ್ಕಕ್ಕೆ ತಂದಿಟ್ಟ.

“ಹಿಂಗಾ?”

ಅನ್ವರ್ ಮರ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದು ಬಗ್ಗಿ ನೋಡಿದ.

“ಹಂಗೆ. ಈಗ ತಿರುವು.”